ಗೆಳೆಯರ ಜೊತೆ ಸೈಕಲ್‌ನಲ್ಲಿ ನೇಪಾಳಕ್ಕೆ ಹೋಗಬೇಕು ಅಂತಿದ್ದೇವೆ. ಗಡಿಯಲ್ಲಿ ತೊಂದರೆ ಆಗುತ್ತಾ? ದಾರಿ ಎಷ್ಟು ಕಷ್ಟ?

ಗಡಿಯ ಚಿಂತೆ ಬಿಡಿ. ನಾವು ನಾಲ್ಕು ಜನ 2019ರ ನವೆಂಬರ್‌ನಲ್ಲಿ ಗೋರಖಪುರದಿಂದ ಪೋಖರಾಕ್ಕೆ ಸೈಕಲ್ ತುಳಿದೆವು. ಐದು ದಿನದಲ್ಲಿ ಗಡಿ ದಾಟಲು ಹಿಡಿದದ್ದು ಹತ್ತು ನಿಮಿಷ. ಮಿಕ್ಕ ಹೊತ್ತೆಲ್ಲ ಒಬ್ಬರಿಗೊಬ್ಬರು ಕಾಯುವುದರಲ್ಲಿ, ಕಾಯಿಸಿದ್ದಕ್ಕೆ ಜಗಳ ಆಡುವುದರಲ್ಲಿ ಹೋಯಿತು. ಹಾಗಾಗಿ ನೀವು ಕೇಳದೇ ಇದ್ದರೂ ಅದನ್ನೇ ಜಾಸ್ತಿ ಬರೆಯುತ್ತೇನೆ.

ಮೊದಲು ಗಡಿ. ಯಶವಂತಪುರದಿಂದ ಗೋರಖಪುರಕ್ಕೆ ರೈಲು. ಸೈಕಲ್‌ಗಳ ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ರಟ್ಟು ಮತ್ತು ಗೋಣಿಚೀಲ ಸುತ್ತಿ ಪಾರ್ಸೆಲ್ ಮಾಡಿದೆವು. ಗೋರಖಪುರದಿಂದ ಗಡಿಯ ಊರು ಸೋನೌಲಿ ನೂರು ಕಿಲೋಮೀಟರಿಗೆ ಹತ್ತಿರ, ಅಂಗೈಯಂಥ ಬಯಲು. ಸೋನೌಲಿಯಲ್ಲಿ ಲಾರಿಗಳ ಉದ್ದದ ಸಾಲು, ಅದರ ಪಕ್ಕದಲ್ಲೇ ಅಕ್ಕಿಮೂಟೆ ಹೇರಿಕೊಂಡ ಊರಿನವರ ಸೈಕಲ್‌ಗಳು ಸಲೀಸಾಗಿ ಆಚೆ ಈಚೆ ಓಡಾಡುತ್ತಿರುತ್ತವೆ. ನಾವೂ ಅವರ ಹಿಂದೆಯೇ ಹೋದೆವು. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಇಟ್ಟುಕೊಳ್ಳಿ. ಕಾರು, ಬೈಕಿಗೆ ಅಲ್ಲಿ 'ಭನ್ಸಾರ್' ಅಂತ ಸುಂಕದ ಚೀಟಿ ಮಾಡಿಸಬೇಕು; ನಮ್ಮ ಸೈಕಲ್‌ಗಳನ್ನು ಯಾರೂ ತಿರುಗಿಯೂ ನೋಡಲಿಲ್ಲ. ನನಗೆ ಪಾಸ್‌ಪೋರ್ಟಿನ ಮೇಲೆ ಒಂದು ಮುದ್ರೆ ಬೇಕಿತ್ತು. ಕೌಂಟರಿಗೆ ಹೋಗಿ ಕೇಳಿದೆ. "ಇಂಡಿಯಾದವರಿಗೆ ಬೇಡ, ಹೋಗಿ" ಎಂದು ಕಳಿಸಿಬಿಟ್ಟರು. ಇಷ್ಟು ದೂರ ಬಂದು ಒಂದು ಮುದ್ರೆಯೂ ಇಲ್ಲ!

ದುಡ್ಡಿನ ಲೆಕ್ಕ ಸುಲಭ: ನಮ್ಮ 100 ರೂಪಾಯಿಗೆ ಅಲ್ಲಿ 160. ಆಗ ನೂರಕ್ಕಿಂತ ದೊಡ್ಡ ಭಾರತದ ನೋಟು ಅಲ್ಲಿ ನಡೆಯುತ್ತಿರಲಿಲ್ಲ, ಬರೀ ನೂರರ ಕಂತೆ ಹೊತ್ತಿದ್ದೆವು. ಈ ನಿಯಮ ಆಗಾಗ ಬದಲಾಗುತ್ತೆ, ಹೊರಡುವ ಮುಂಚೆ ನೋಡಿಕೊಳ್ಳಿ. ಇನ್ನು ಗಡಿಯಾರ. ನೇಪಾಳ ನಮಗಿಂತ 15 ನಿಮಿಷ ಮುಂದೆ. ಇಬ್ಬರ ಫೋನು ತಾನೇ ಹೊಸ ಸಮಯ ಹಿಡಿದಿತ್ತು, ಇನ್ನಿಬ್ಬರದು ಹಳೇ ಸಮಯದಲ್ಲೇ ಇತ್ತು. "ಆರಕ್ಕೆ ಹೊರಡೋಣ" ಎಂದರೆ ಯಾವ ಆರು? ಎರಡನೇ ದಿನದ ಮೊದಲ ಜಗಳ ಇದೇ.

ಆ ದಿನ ಲುಂಬಿನಿಗೆ ಹೋದೆವು. ಗಡಿ ದಾಟಿದ ಮೇಲೆ ಸಿಗುವ ಭೈರಹವಾದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು, ತಪ್ಪಿಸಬೇಡಿ. ಬುದ್ಧ ಹುಟ್ಟಿದ್ದು ಇಲ್ಲೇ ಎಂದು ಅಶೋಕ ಬರೆಸಿದ ಕಂಬ ಇದೆ, 1896ರಲ್ಲಿ ಬೆಳಕಿಗೆ ಬಂದದ್ದು. ಈ ಊರಿಗೆ ಕಂದಾಯ ಕಮ್ಮಿ ಮಾಡಿದ್ದೇನೆ ಅಂತಲೂ ಅದರಲ್ಲಿದೆ. ನಮ್ಮ ಗುಂಪಿನಲ್ಲಿ ರಾಯಚೂರಿನವನೊಬ್ಬನಿದ್ದ. ಕಂಬದ ಮುಂದೆ ನಿಂತು, "ಇವಂದೇ ಹೆಸರು ನಮ್ಮ ಮಸ್ಕಿ ಕಲ್ಲಿನ್ಯಾಗೂ ಅದ ನೋಡು" ಎಂದ. ಹೌದಲ್ವಾ! ಅಶೋಕ ಎಂಬ ಹೆಸರನ್ನೇ ಬರೆದಿರುವ ಶಾಸನ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ, 1915ರಲ್ಲಿ. ಅವನು ಅಲ್ಲಿಂದ ಏಳಲು ತಯಾರಿರಲಿಲ್ಲ. ಬುಟವಲ್ ತಲುಪುವಾಗ ಕತ್ತಲಾಗಿತ್ತು.

ಬುಟವಲ್‌ನಲ್ಲಿ ಬಯಲು ಮುಗಿಯಿತು. ಊರು ದಾಟಿದ ಕೂಡಲೇ ತಿನಾವು ನದಿಯ ಕಂದರ. ಒಂದು ಕಡೆ ಬಂಡೆ, ಒಂದು ಕಡೆ ಹೊಳೆ. ಅಲ್ಲಿಂದ ತಾನ್ಸೆನ್ ಸುಮಾರು 40 ಕಿಲೋಮೀಟರು. ಊರು ಇರುವುದು 1300 ಮೀಟರಿಗೂ ಮೇಲೆ. ನಾವು ಬೆಂಗಳೂರಿನ ಮೂವರು ವಾರವಾರ ನಂದಿಬೆಟ್ಟ ಹತ್ತಿದವರು, ಅದರ ಜಂಬ ಬೇರೆ. ನಂದಿಯ ಏರು ಎಂಟು ಕಿಲೋಮೀಟರಿಗೆ ಮುಗಿಯುತ್ತೆ, ಮೇಲೆ ಇಡ್ಲಿ ಸಿಗುತ್ತೆ. ಇಲ್ಲಿ ಒಂದು ಏರು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಅದೂ ಕ್ಯಾರಿಯರ್ ಮೇಲೆ ಹನ್ನೆರಡು ಕಿಲೋ ಸಾಮಾನು ಹೊತ್ತು. ನೇಪಾಳಿಯಲ್ಲಿ ಏರಿಗೆ ಉಕಾಲೋ, ಇಳಿಜಾರಿಗೆ ಓರಾಲೋ. ಇನ್ನೆಷ್ಟು ಉಕಾಲೋ ಎಂದು ಯಾರನ್ನು ಕೇಳಿದರೂ "ಅಲಿ ಅಲಿ" ಅನ್ನುತ್ತಾರೆ. ಸ್ವಲ್ಪ ಅಂತ ಅರ್ಥ. ಆ ಸ್ವಲ್ಪ ಎರಡು ಕಿಲೋಮೀಟರೂ ಆಗಬಹುದು, ಹನ್ನೆರಡೂ ಆಗಬಹುದು.

ನಾವು ಎಡವಿದ್ದು ಇಲ್ಲೇ. ಇಬ್ಬರು ಜೋರು ತುಳಿಯುವವರು ಮುಂದೆ ಹೋದರು. ರಾಯಚೂರಿನವನು ಜೀವಮಾನದಲ್ಲಿ ಘಾಟಿ ಹತ್ತಿದವನಲ್ಲ, ಅವನ ಜೊತೆ ನಾನು ಹಿಂದೆ. ದೋಭಾನ್ ದಾಟಿದ ಮೇಲೆ ಅವನ ಹಿಂದಿನ ಚಕ್ರ ಪಂಕ್ಚರ್. ಸರಿ, ಟ್ಯೂಬ್ ನನ್ನ ಹತ್ತಿರವೇ ಇತ್ತು. ಪಂಪು? ಮುಂದೆ ಹೋದವರ ಚೀಲದಲ್ಲಿ. ಟೈರ್ ಕಳಚುವ ಲಿವರ್ರೂ ಅಲ್ಲೇ. ಟೀ ಅಂಗಡಿಯ ದೀದಿ ಪಕ್ಕದ ಮನೆಯಿಂದ ಪಂಪು ತರಿಸಿಕೊಟ್ಟಳು. ಆದರೆ ನಮ್ಮದು ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್, ಆ ಪಂಪು ಕೂರಲೇ ಇಲ್ಲ. ಹತ್ತು ರೂಪಾಯಿಯ ಹಿತ್ತಾಳೆ ಅಡಾಪ್ಟರ್ ಒಂದು ಜೇಬಿನಲ್ಲಿದ್ದಿದ್ದರೆ ಕಥೆ ಮುಗಿಯುತ್ತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಒಂದೂವರೆ ಗಂಟೆ ಕೂತೆವು. ಹತ್ತಿದ ಏರನ್ನೆಲ್ಲ ಮತ್ತೆ ಇಳಿದು ಬಂದವರ ಮುಖ ನೋಡಬೇಕಿತ್ತು. ಅವರಿಗೂ ಸಿಟ್ಟು, ನಮಗೂ ಸಿಟ್ಟು. ಟೀ ಕುಡಿದೆವು, ಯಾರೂ ಮಾತಾಡಲಿಲ್ಲ.

ತಾನ್ಸೆನ್‌ಗೆ ಹೆದ್ದಾರಿ ನೇರ ಹೋಗಲ್ಲ. ಬರ್ತುಂಗ್‌ನಲ್ಲಿ ತಿರುಗಿ ಇನ್ನೂ ಮೇಲೆ ಹತ್ತಬೇಕು. ಸೈಕಲ್ ತಳ್ಳಿಕೊಂಡೇ ಹೋದೆವು, ನಾಚಿಕೆ ಏನಿಲ್ಲ. ರಾತ್ರಿ ಊಟಕ್ಕೆ ಚುಕೌನಿ ಸಿಕ್ಕಿತು. ಬೇಯಿಸಿದ ಆಲೂಗಡ್ಡೆ, ಮೊಸರು, ಈರುಳ್ಳಿ, ಹೆಚ್ಚುಕಮ್ಮಿ ನಮ್ಮ ಮೊಸರುಬಜ್ಜಿಯ ಅಣ್ಣ. ದಾಲ್ ಭಾತ್‌ನಲ್ಲಿ ಅನ್ನ, ಬೇಳೆ ಎಷ್ಟು ಸಲ ಬೇಕಾದರೂ ಬಡಿಸುತ್ತಾರೆ. ಮೂರನೇ ಸಲದ ಹೊತ್ತಿಗೆ ಮಾತು ಶುರುವಾಯಿತು. ಅಲ್ಲೇ ತೀರ್ಮಾನ ಆಯಿತು: ನಾಳೆಯಿಂದ ನಿಧಾನದವನೇ ಮುಂದೆ. ಪಂಪು, ಲಿವರ್, ಚೈನ್ ಟೂಲ್ ಎಲ್ಲ ಕೊನೆಯಲ್ಲಿ ಬರುವವನ ಹತ್ತಿರ. ಹತ್ತು ಕಿಲೋಮೀಟರಿಗೊಮ್ಮೆ ಎಲ್ಲರೂ ನಿಲ್ಲಬೇಕು. ಎಲ್ಲರ ಗಡಿಯಾರವೂ ನೇಪಾಳದ್ದೇ.

ಬೆಳಿಗ್ಗೆ ಶ್ರೀನಗರ ಗುಡ್ಡಕ್ಕೆ ಹೋದೆವು. ಧವಳಗಿರಿ, ಮಚ್ಛಪುಚ್ಛ್ರೆ ಹಿಮಶಿಖರಗಳು ಸಾಲಾಗಿ ಕಂಡವು. ಆಮೇಲೆ ರಾಮ್ದಿಯಲ್ಲಿ ಕಾಳಿಗಂಡಕಿ ಸೇತುವೆಯವರೆಗೆ ಉದ್ದ ಇಳಿಜಾರು. ಹೊರಡುವ ಮುಂಚೆ ಬ್ರೇಕ್ ಪ್ಯಾಡ್ ನೋಡಿಕೊಳ್ಳಿ, ನನ್ನದು ಅಲ್ಲೇ ಅರ್ಧ ಸವೆಯಿತು. ರಾತ್ರಿ ವಾಲಿಂಗ್ ಎಂಬ ಊರಿನಲ್ಲಿ ಉಳಿದೆವು. ಲಾಡ್ಜಿನ ಪುಸ್ತಕದಲ್ಲಿ ಇಸವಿ 2076 ಅಂತಿತ್ತು. ಅವರದು ವಿಕ್ರಮ ಸಂವತ್. ಮರುದಿನ ಸ್ಯಾಂಗ್ಜಾ ದಾಟಿ ಸಂಜೆಗೆ ಪೋಖರಾ. ಎರಡು ದಿನವೂ ರಾಯಚೂರಿನವನೇ ಮುಂದೆ. ಅವನ ವೇಗಕ್ಕೆ ನಾವು ಗೊಣಗುತ್ತಾ ಹಿಂದೆ. ಆದರೂ ಹಿಂದಿನ ದಿನಕ್ಕಿಂತ ಬೇಗ ತಲುಪಿದೆವು. ಯಾರೂ ಯಾರಿಗೂ ಕಾಯಲಿಲ್ಲವಲ್ಲ.

ವಾಪಸು ಮಾತ್ರ ಬಸ್ಸಿನಲ್ಲಿ ಬಂದೆವು, ಸೈಕಲ್‌ಗಳು ಟಾಪಿನ ಮೇಲೆ. ನಿಮ್ಮ ಹಗ್ಗ ನೀವೇ ಕಟ್ಟಿ, ಗೇರಿನ ಕಡೆ ಮೇಲಕ್ಕೆ ಬರಲಿ. ಐದು ದಿನ ಆ ದಾರಿಯಲ್ಲಿ ಏನೂ ಆಗದ ನನ್ನ ಸೈಕಲ್ಲಿನ ಡಿರೇಲರ್, ಅಂದರೆ ಗೇರ್ ಬದಲಿಸುವ ಭಾಗ, ಬಸ್ಸಿನ ಮೇಲೆ ಬಗ್ಗಿಹೋಯಿತು.