ಸ್ಕೂಟರ್ ಮೇಲೆ ಬೆರಳು ಮರಗಟ್ಟಿದರೆ: ರಗ್ಬಿ ಊರಿನ ತಂಗಿಗೆ

ತಂಗಿ,

ಅಣ್ಣ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಬೇಜಾರಿಲ್ಲ ತಾನೇ?

ದಾವಣಗೆರೆಯಲ್ಲಿ ಆರು ವರ್ಷ ಆಕ್ಟಿವಾ ಓಡಿಸಿದವಳು ನೀನು. ಈಗ ಇಂಗ್ಲೆಂಡಿನ ರಗ್ಬಿ ಊರಿನಲ್ಲಿ ರೂಮು, ಹತ್ತಿರದ ಕವೆಂಟ್ರಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಬೆಳಿಗ್ಗೆ ಏಳೂವರೆಯ ಶಿಫ್ಟಿಗೆ ಬಸ್ ಹೊಂದುವುದಿಲ್ಲ ಅಂತ ಸೆಕೆಂಡ್ ಹ್ಯಾಂಡ್ 125 ಸಿಸಿ ಸ್ಕೂಟರ್ ತಗೊಂಡಿದ್ದೀಯ. 'ಎರಡು ಜೊತೆ ಗ್ಲೌಸ್ ಒಂದರ ಮೇಲೊಂದು ಹಾಕಿದರೂ ಬೆರಳು ಸತ್ತೇ ಹೋಗುತ್ತೆ ಅಣ್ಣ, ಇನ್ನೂ ದುಬಾರಿದು ತಗೊಳ್ಳಲಾ?' ಅಂತ ಕೇಳಿದ್ದೀಯ.

ಬೇಡ. ಗ್ಲೌಸಿಗೆ ಸದ್ಯಕ್ಕೆ ಒಂದು ಪೌಂಡೂ ಹಾಕಬೇಡ. ಮೊದಲು ಆ ಎರಡರಲ್ಲಿ ಒಂದನ್ನು ಬಿಚ್ಚಿಡು.

ನರ್ಸಿಗೆ ನಾನು ಹೇಳಬೇಕಾ? ಗ್ಲೌಸ್ ತಾನಾಗಿ ಬಿಸಿ ಮಾಡುವುದಿಲ್ಲ. ಬೆರಳಿಗೆ ಬಿಸಿ ಬರುವುದು ರಕ್ತದಿಂದ. ಎರಡು ಗ್ಲೌಸ್ ತುರುಕಿ ಬಿಗಿ ಮಾಡಿದರೆ ಆ ರಕ್ತವೂ ಸರಿಯಾಗಿ ಓಡುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಎದೆಯಲ್ಲಿದೆ. ಎದೆ, ಕುತ್ತಿಗೆ ತಣ್ಣಗಾಯಿತು ಅಂದರೆ ದೇಹ ಮೊದಲು ಕೈಕಾಲಿನ ರಕ್ತನಾಳ ಬಿಗಿ ಮಾಡಿ, ಇರುವ ಬಿಸಿಯನ್ನು ಒಳಗೇ ಇಟ್ಟುಕೊಳ್ಳುತ್ತದೆ. ಬೆರಳಿನ ಪಾಲು ಕಡೆಗೆ. ಅದಕ್ಕೇ ಜಾಕೆಟ್ಟಿನ ಒಳಗೆ ಮೈಗೆ ಅಂಟುವ ಥರ್ಮಲ್ ಒಂದು, ಕುತ್ತಿಗೆಗೆ ಗಾಳಿ ನುಗ್ಗದ ಹಾಗೆ ನೆಕ್ ಟ್ಯೂಬ್ ಒಂದು ಹಾಕಿಕೊಂಡು ಎರಡು ದಿನ ಓಡಿಸಿ ನೋಡು. ಕೈಗೆ ಏನೂ ಮಾಡದೆಯೇ ಕೈಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ನನ್ನ ಗೋದಾಮಿನಲ್ಲಿ ಒಬ್ಬ ಮುದುಕ ಇದ್ದ, ಹುಟ್ಟಾ ಕವೆಂಟ್ರಿಯವನು. ಟ್ರಯಂಫ್ ಬೈಕಿನ ಊರು ಅಲ್ವಾ ಇದು. ನಾವು ಬುಲೆಟ್ ಅಂತ ಮೆರೆಸುವ ಎನ್‌ಫೀಲ್ಡ್ ಕೂಡ ದೂರದ್ದೇನಲ್ಲ, ಮೊದಲ ಬೈಕು 1901ರಲ್ಲಿ ತಯಾರಾಗಿದ್ದು ಇಲ್ಲೇ ಹತ್ತಿರದ ರೆಡಿಚ್‌ನಲ್ಲಿ. ಆ ಮುದುಕ ಮನೆಗೆ ಹೊರಡುವ ಮುಂಚೆ ಕ್ಯಾಂಟೀನಿನ ಹಳೇ ಪೇಪರು ಮಡಚಿ ಜಾಕೆಟ್ಟಿನ ಒಳಗೆ, ಎದೆಗೆ ಅಡ್ಡ ಇಟ್ಟುಕೊಳ್ಳುತ್ತಿದ್ದ. ನಾನು ನಕ್ಕಿದ್ದೆ. ಆಮೇಲೆ ನಾನೂ ಅದನ್ನೇ ಮಾಡಿದೆ.

ಗಾಳಿಯ ಲೆಕ್ಕವೂ ಹೇಳಿಬಿಡುತ್ತೇನೆ. ಫೋನಿನಲ್ಲಿ 5 ಡಿಗ್ರಿ ಅಂತ ನೋಡಿ ಹೊರಡುತ್ತೀಯ. ರಗ್ಬಿಯಿಂದ ಕವೆಂಟ್ರಿಗೆ ಹೋಗುವ ಎ428 ರಸ್ತೆಯಲ್ಲಿ ಗಂಟೆಗೆ 50 ಮೈಲಿ, ಅಂದರೆ ನಮ್ಮ ಲೆಕ್ಕದ 80 ಕಿ.ಮೀ. ಹೋದರೆ ಬರಿ ಚರ್ಮಕ್ಕೆ ಅದು ಮೈನಸ್ 3ರ ಹಾಗಿರುತ್ತದೆ. 0 ಡಿಗ್ರಿ ಇದ್ದ ದಿನ ಹತ್ತಿರ ಹತ್ತಿರ ಮೈನಸ್ 10. ಮೈಯ ಉಳಿದ ಭಾಗ ಸ್ಕೂಟರಿನ ಮುಂಭಾಗದ ಮರೆಯಲ್ಲೋ ಜಾಕೆಟ್ಟಿನಲ್ಲೋ ಇರುತ್ತದೆ. ಕೈ ಮಾತ್ರ ಹೊರಗೆ ಚಾಚಿಕೊಂಡು ಗಾಳಿ ತಿನ್ನುತ್ತಿರುತ್ತದೆ.

ನನ್ನ ಕಥೆ ಕೇಳು. ನಾನು ಬಂದಿದ್ದು 2009ರ ಅಕ್ಟೋಬರಿನಲ್ಲಿ. ಚಿಕ್ಕಮಗಳೂರಿನವನು, ಡಿಸೆಂಬರಿನಲ್ಲಿ ಬೆಳಗಿನ ಜಾವ ಮುಳ್ಳಯ್ಯನಗಿರಿ ಹತ್ತಿದವನು, ನನಗೇನು ಚಳಿ ಅನ್ನುವ ಜಂಬ. ಮುಂದಿನ ಜನವರಿಯಲ್ಲಿ ದೇಶವೆಲ್ಲ ಹಿಮ ಬಿತ್ತು. ರಸ್ತೆ ತೆರವಾದ ಮೇಲೆ ಒಂದು ರಾತ್ರಿ ಕವೆಂಟ್ರಿಯಿಂದ ಲೆಮಿಂಗ್ಟನ್‌ಗೆ ಹತ್ತು ಮೈಲಿ ಬಂದೆ, ಅಮ್ಮ ಹೆಣೆದ ಉಲ್ಲನ್ ಗ್ಲೌಸ್ ಹಾಕಿಕೊಂಡು. ಉಲ್ಲನ್ ಅಂದರೆ ತೂತು. ಗಾಳಿ ಜರಡಿಯಲ್ಲಿ ಹೋದ ಹಾಗೆ ಹೋಗುತ್ತದೆ.

ಮನೆ ಬಾಗಿಲಿಗೆ ಬಂದೆ. ಕೀಲಿ ಜೇಬಿನಲ್ಲಿದೆ, ಜಿಪ್ ಎಳೆಯೋಣ ಅಂದರೆ ಬೆರಳು ಮಡಚುತ್ತಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದೆ. ಕೀಲಿ ಬಂತು, ಬಂದಿದ್ದೇ ಕೆಳಗೆ ಬಿತ್ತು. ಕೊನೆಗೆ ಎರಡು ಅಂಗೈ ನಡುವೆ, ದೇವರಿಗೆ ಕೈ ಮುಗಿದ ಹಾಗೆ ಅದನ್ನು ಒತ್ತಿ ಹಿಡಿದು ತೂತಿಗೆ ಗುರಿಯಿಟ್ಟೆ. ಬಾಗಿಲು ಕೆರೆಯುವ ಸದ್ದಿಗೆ ಹೆಂಡತಿ ಕಳ್ಳ ಅಂದುಕೊಂಡು ಲೈಟ್ ಆರಿಸಿದಳು! ಒಳಗೆ ಹೋಗಿ ನೇರವಾಗಿ ಬಿಸಿನೀರಿನ ನಲ್ಲಿಗೆ ಕೈ ಒಡ್ಡಿದೆ. ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ಉಗುರಿನ ಅಡಿಗೆ ಸೂಜಿ ಚುಚ್ಚಿದಂಥ ನೋವು. ಹಾಗೆ ಮಾಡಬೇಡ. ಮರಗಟ್ಟಿದ ಕೈಗೆ ನೀರು ಸುಡುವುದೂ ತಿಳಿಯುವುದಿಲ್ಲ. ಕಂಕುಳಲ್ಲಿ ಸಿಕ್ಕಿಸಿಕೊಂಡು ಸುಮ್ನೆ ಕೂರು.

ಆ ನೋವು ಮರೆತೆ. ಹೆದರಿಕೆ ಹುಟ್ಟಿದ್ದು ರಾತ್ರಿ ಮಲಗಿದಾಗ. ಕೀಲಿ ಹಿಡಿಯಲಾಗದ ಕೈಯಲ್ಲಿ ಐದು ನಿಮಿಷದ ಹಿಂದೆ ನಾನು ಬ್ರೇಕ್ ಹಿಡಿಯುತ್ತಿದ್ದೆ. ನನ್ನದು ಗೇರಿನ ಬೈಕು, ಹಿಂದಿನ ಬ್ರೇಕಾದರೂ ಕಾಲಿನಲ್ಲಿತ್ತು. ನಿನ್ನ ಸ್ಕೂಟರಿನಲ್ಲಿ ಎರಡೂ ಬ್ರೇಕ್ ಕೈಯಲ್ಲೇ. ಬೆರಳು ಹೋದರೆ ಬ್ರೇಕೇ ಹೋದ ಹಾಗೆ. ಬೆರಳ ತುದಿ ಜುಮುಜುಮು ಅನ್ನಲು ಶುರುವಾಯಿತು ಅಂದರೆ ದಾರಿಯಲ್ಲಿ ಜಾಗ ನೋಡಿ ನಿಲ್ಲಿಸು, ತೋಳು ಗಿರಗಿರ ಬೀಸು, ರಕ್ತ ತುದಿಗೆ ಇಳಿಯುತ್ತದೆ. ಡ್ಯೂಟಿಗೆ ಐದು ನಿಮಿಷ ತಡವಾದರೆ ಆಗಲಿ.

ಈಗ ದುಡ್ಡು ಹಾಕಬೇಕಾದ್ದು. ಹ್ಯಾಂಡಲ್ ಮಫ್ ಅಂತ ಸಿಗುತ್ತದೆ. ದಿಂಬಿನ ಕವರಿನಂಥದ್ದು, ಹ್ಯಾಂಡಲ್ಲಿಗೆ ಕಟ್ಟಿದರೆ ಹಿಡಿ, ಲಿವರ್, ಸ್ವಿಚ್ ಎಲ್ಲ ಅದರೊಳಗೆ. ಹಿಂದಿನಿಂದ ಕೈ ತೂರಿಸುವುದು. ನೋಡಲು ಚಂದ ಇಲ್ಲ, ಎಮ್ಮೆ ಕಿವಿ ಇಳಿಬಿಟ್ಟ ಹಾಗೆ ಕಾಣುತ್ತದೆ. ಆದರೆ ಇಲ್ಲಿ ಪಿಜ್ಜಾ ಹಂಚುವ ಹುಡುಗರ ಸ್ಕೂಟರ್ ನೋಡು, ಚಳಿಗಾಲದಲ್ಲಿ ಎಷ್ಟೋ ಗಾಡಿಗಳಿಗೆ ಇದೇ ಇರುತ್ತದೆ. ದಿನವಿಡೀ ರಸ್ತೆ ಮೇಲಿರುವವರಿಗಿಂತ ಜಾಸ್ತಿ ಯಾರಿಗೆ ಗೊತ್ತು? ಗಾಳಿ, ಮಳೆ ಎರಡೂ ತಾಗುವುದಿಲ್ಲ, ಒಳಗೆ ತೆಳು ಗ್ಲೌಸ್ ಸಾಕು. ಬರಿಗೈ ಮಾತ್ರ ಬೇಡ, ಬಿದ್ದರೆ ಚರ್ಮ ಕಿತ್ತು ಬರುತ್ತದೆ. ಒಂದು ಎಚ್ಚರ: ಅಗ್ಗದ, ಮೆತ್ತನೆಯ ಮಫ್ ವೇಗಕ್ಕೆ ಹಿಂದಕ್ಕೆ ಬಾಗಿ ಬ್ರೇಕ್ ಲಿವರನ್ನೇ ಒತ್ತುತ್ತದೆ. ಒಳಗೆ ಗಟ್ಟಿ ಹಾಳೆ ಇರುವುದನ್ನು ತಗೋ. ಮನೆ ಮುಂದೆ ಹತ್ತು ಸಲ ಕೈ ಹಾಕಿ ತೆಗೆದು ಅಭ್ಯಾಸ ಮಾಡು, ಇಂಡಿಕೇಟರ್ ಸ್ವಿಚ್ ಕಣ್ಣಿಗೆ ಕಾಣುವುದಿಲ್ಲ.

ಹೀಟೆಡ್ ಗ್ರಿಪ್ ಎರಡನೆಯ ಮಾತು. ಅದು ಅಂಗೈ ಮಾತ್ರ ಬಿಸಿ ಮಾಡುತ್ತದೆ, ಕೈಯ ಮೇಲ್ಭಾಗಕ್ಕೆ ಗಾಳಿ ಹೊಡೆಯುತ್ತಲೇ ಇರುತ್ತದೆ. ಮಫ್ ಜೊತೆ ಇದ್ದರೆ ಸ್ವರ್ಗ, ಒಂದೇ ಆದರೆ ಅರ್ಧ ಕೆಲಸ. 30-40 ವ್ಯಾಟ್ ಎಳೆಯುತ್ತದೆ, ಸಣ್ಣ ಸ್ಕೂಟರಿಗೆ ಇನ್ನೊಂದು ಹೆಡ್‌ಲೈಟ್ ಹೊತ್ತ ಹಾಗೆ. ಹಾಕಿಸಿದರೆ ಕೀ ಆಫ್ ಮಾಡಿದಾಗ ತಾನೇ ಆಫ್ ಆಗುವಂತೆ ವೈರಿಂಗ್ ಮಾಡಿಸು. ನಾನು ನೇರವಾಗಿ ಬ್ಯಾಟರಿಗೆ ಕೊಟ್ಟು, ಆರಿಸಲು ಮರೆತು, ಬೆಳಿಗ್ಗೆ ತಳ್ಳಿಕೊಂಡು ಹೋಗಿದ್ದೇನೆ. ಇನ್ಶೂರೆನ್ಸಿನವರಿಗೂ ಒಂದು ಮಾತು ತಿಳಿಸಿರು.

ಮಳೆ ಬಂದರೆ? ಪಕ್ಕಾ ವಾಟರ್‌ಪ್ರೂಫ್ ಅಂತ ಒಂದು ಅಂಗಡಿಯವನು ದುಬಾರಿ ಜೋಡಿಯೊಂದನ್ನು ನನಗೆ ಕಟ್ಟಿದ್ದ. ನೀರು ಬಂದಿದ್ದು ಗ್ಲೌಸಿನಿಂದಲ್ಲ, ಜಾಕೆಟ್ಟಿನ ತೋಳಿನಿಂದ ಇಳಿದು ಗ್ಲೌಸಿನ ಬಾಯಿಗೆ, ಲಾಳಿಕೆಯಲ್ಲಿ ಎಣ್ಣೆ ಹೊಯ್ದ ಹಾಗೆ. ಒದ್ದೆ ಕೈ ಎಳೆದರೆ ಒಳಗಿನ ಅಸ್ತರಿ ಬೆರಳಿನ ಜೊತೆಗೇ ಹೊರಗೆ ಬಂತು. ಅದನ್ನು ಮತ್ತೆ ಒಳಗೆ ತುರುಕುವುದು ಇದೆಯಲ್ಲ, ಶತ್ರುವಿಗೂ ಬೇಡ. ಮಳೆಯಲ್ಲಿ ಗ್ಲೌಸಿನ ಬಾಯಿ ತೋಳಿನ ಒಳಗಿರಲಿ. ತುರ್ತಿಗೆ ತೆಳು ನೈಟ್ರೈಲ್ ಗ್ಲೌಸ್ ಒಳಗೆ ಹಾಕಿಕೋ. ವಾರ್ಡಿನಿಂದ ತರಬೇಡ ಮಾರಾಯ್ತಿ, ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುತ್ತದೆ.

ಕೇಳಿಲ್ಲ, ಆದರೂ ಹೇಳುತ್ತೇನೆ. ನಿನ್ನ ಇಂಡಿಯಾ ಲೈಸೆನ್ಸ್ ಇಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ, ಬದಲಾಯಿಸಿ ಕೊಡುವುದಿಲ್ಲ. ಅಷ್ಟರಲ್ಲಿ ಪ್ರಾವಿಷನಲ್, ಅಂದರೆ ಕಲಿಯುವವರ ಲೈಸೆನ್ಸ್ ತಗೊಂಡು, ಸಿಬಿಟಿ ಅನ್ನುವ ಕಡ್ಡಾಯ ಬೈಕ್ ಟ್ರೈನಿಂಗ್ ಮುಗಿಸು. ಅದರಲ್ಲಿ ಎಲ್ ಬೋರ್ಡ್ ಹಾಕಿಕೊಂಡು 2 ವರ್ಷ ಓಡಿಸಬಹುದು.

ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಕಾಣುವುದೇ ಎಂಟು ಗಂಟೆಯ ಮೇಲೆ. ಆರೂವರೆಗೆ ಹೊರಟರೆ ಕಗ್ಗತ್ತಲು, ರಸ್ತೆ ಮೇಲಿನ ಮಂಜುಗಡ್ಡೆ ಟಾರಿನ ಬಣ್ಣದಲ್ಲೇ ಇರುತ್ತದೆ. 3 ಡಿಗ್ರಿಗಿಂತ ಕೆಳಗೆ ಇದ್ದ ದಿನ ನಾನು ಗಾಡಿ ತೆಗೆಯುವುದಿಲ್ಲ. ನಿನ್ನ ಆಸ್ಪತ್ರೆಯಲ್ಲಿ ರಗ್ಬಿ ಕಡೆಯಿಂದ ಕಾರಿನಲ್ಲಿ ಬರುವವರು ಯಾರಾದರೂ ಇದ್ದೇ ಇರುತ್ತಾರೆ. ಸಂಕೋಚ ಬಿಟ್ಟು ಈಗಲೇ ಕೇಳಿಟ್ಟುಕೋ, ಪೆಟ್ರೋಲಿಗೆ ದುಡ್ಡು ಕೊಡು.

ಇನ್ನು ಮಫ್ ಕೊಳ್ಳುವ ಮುಂಚೆ ಶನಿವಾರ ಒಮ್ಮೆ ಮನೆಗೆ ಬಾ. ನನ್ನ ಹಳೇ ಜೋಡಿ ಶೆಡ್ಡಿನಲ್ಲಿದೆ. ಎಡಗಡೆಯದರ ಪಟ್ಟಿ ಹರಿದಿದೆ, ಕೇಬಲ್ ಟೈ ಹಾಕಿದರೆ ನಿಲ್ಲುತ್ತದೆ. ನಿನ್ನ ಹ್ಯಾಂಡಲ್ಲಿಗೆ ಕೂರುತ್ತಾ ನೋಡೋಣ. ಬರುವಾಗ ಕವೆಂಟ್ರಿಯ ಫೋಲ್ಸ್‌ಹಿಲ್ ರೋಡಿನ ನಮ್ಮ ಕಡೆಯ ಅಂಗಡಿಗಳಲ್ಲಿ ಒಂದು ಸುತ್ತು ಹಾಕು, ಫ್ರೀಜರಿನಲ್ಲಿ ಹಿತಕವರೆ ಸಿಕ್ಕರೆ ಎರಡು ಪ್ಯಾಕೆಟ್ ಹಿಡಿದುಕೊಂಡು ಬಾ.