ಹಂದಿ ಉರುಲಿಗೆ ಕಾರಣ ಬಡತನ ಅಲ್ರಿ, ಲೆಕ್ಕಕ್ಕ ಬರದ ಲುಕ್ಸಾನ

ಅಕ್ಕಾರ, ಕಾಡಹಂದಿ ಬೆಳಿಗೆ ಬೀಳದಂಗ ಕಾಯಾಕ ಅಂತ ಹೊಲಕ್ಕ ಹೋಗೂ ನಿಮ್ಮ ತಮ್ಮ ಈಗ ಪ್ರಾಣಿ ಹಿಡಿಯಾಕ ತಂತಿ ಉರುಲು ಹಾಕೂ ಹುಡುಗರ ಜೋಡಿ ಸೇರ್ಯಾನ, ‘ಬಡತನಕ್ಕ ಜನ ಬೇಟೆಗೆ ಇಳೀತಾರೇನು, ಇದನ್ನ ಬಿಡಸೂದು ಹ್ಯಾಂಗ’ ಅಂತ ಕೇಳೀರಿ. ಹೊಲ ಕಾಯೂ ಮಂಚಿಕಿ ಮ್ಯಾಲ ರಾತ್ರಿ ಕಳದ ನನ್ನಂಥವರಿಗೆ ಇದಕ್ಕಿಂತ ಹೆಚ್ಚಿಗಿ ಬಿಡಿಸಿ ಹೇಳಬೇಕಾಗಿಲ್ಲ. ಆದ್ರ ಪ್ರಶ್ನೆಯ ಮೊದಲನೇ ಅರ್ಧ ನಾ ಒಪ್ಪೂದಿಲ್ಲ. ಹೊಟ್ಟಿಗಿಲ್ಲದಾಂವ ರಾತ್ರಿ ತಲಿಗೆ ಲೈಟ್ ಕಟಗೊಂಡು, ಬೈಕಿಗೆ ಪೆಟ್ರೋಲ್ ಹಾಕಸ್ಕೊಂಡು ಅಡವಿ ತಿರಗೂದಿಲ್ಲ, ಅಂವ ಮುಂಜಾನೆ ಕೂಲಿಗೆ ಹೋಗಬೇಕು. ಕಲಘಟಗಿ, ಶಿಗ್ಗಾವಿ, ಹಾನಗಲ್ಲ ಸೀಮಿಯಾಗ ನಾ ಕಂಡಂಗ ಮೊದಲನೇ ಉರುಲು ಹಾಕಾಂವ ಹೊಲ ಇದ್ದಾಂವ, ಬೆಳಿ ಕಳಕೊಂಡಾಂವ.

ಗೋವಿನಜೋಳ ಜೂನ್‌ದಾಗ ಬಿತ್ತಿದ್ರ ಆಗಸ್ಟ್ ಕಡೀಕ, ಸೆಪ್ಟೆಂಬರ್‌ದಾಗ ತೆನಿಯಾಗ ಹಾಲು ತುಂಬತೈತಿ. ಹಂದಿಗೆ ಬೇಕಾದ್ದು ಅದ. ಹೆಣ್ಣಹಂದಿ ಮರಿ ಕಟಗೊಂಡು ಹಿಂಡಾಗಿ ಬರ್ತಾವ, ದೊಡ್ಡ ಗಂಡು ಒಂಟಿಯಾಗಿ ಬರತೈತಿ. ದಂಟು ಮೈಲೆ ಒತ್ತಿ ಕೆಡವಿ, ತೆನಿ ಅರ್ಧಮರ್ಧ ಕಡದು ಮುಂದಿನ ದಂಟಿಗೆ ಹೋಗ್ತಾವ. ತಿಂದದ್ದಕ್ಕಿಂತ ತುಳದದ್ದ ಹೆಚ್ಚು. ಶೇಂಗಾ ಇದ್ರ ಕಾಯಿ ಬಲಿಯೂ ಹೊತ್ತಿಗೆ ಸಾಲು ಹಿಡದು ಮೂತಿಲೆ ಮಣ್ಣ ಕೆದರ್ತಾವ. ಡಬ್ಬಿ ಬಡದ್ರ, ಪಟಾಕಿ ಹಚ್ಚಿದ್ರ ಮೊದಮೊದಲು ಅಂಜತಾವ, ಆಮ್ಯಾಲ ಸಪ್ಪಳಕ್ಕ ರೂಢಿ ಆಗಿಬಿಡ್ತಾವ. ಹಗಲೆಲ್ಲಾ ದುಡದಾಂವ ಬೆಳತನಕ ಎಚ್ಚರ ಇರಾಕ ಆಗೂದಿಲ್ಲ. ಕಣ್ಣು ಹತ್ತಿದ ಒಂದು ತಾಸಿನಾಗ ಹಿಂಡು ಹೊಕ್ಕು ಹೊಂಟಹೋಗಿರತೈತಿ.

ಇಲ್ಲಿ ನಮ್ಮ ರೈತರು ಮಾಡೂ ಒಂದು ತಪ್ಪಿನ ಬಗ್ಗೆ ಉದ್ದಾಗಿ ಹೇಳ್ತೀನಿ, ಮುಂದಿನದೆಲ್ಲಾ ಅದರಿಂದನ ಹುಟ್ಟತೈತಿ. ಮುಂಜಾನೆ ಹೊಲ ನೋಡಿ ಹೊಟ್ಟಿ ಉರದು, ಬಿದ್ದ ದಂಟೆಲ್ಲಾ ಕೊಯ್ದು ದನಕ್ಕ ಹಾಕಿಬಿಡ್ತಾರ. ಹಸಿ ಮೇವು ಸುಮ್ನ ಯಾಕ ಕೊಳೀಬೇಕು ಅಂತ. ಅಲ್ಲಿಗೆ ಪುರಾವೆ ಹೋತು. ಎರಡು ದಿನ ಬಿಟ್ಟು ಅರಣ್ಯದವರು ಬಂದ್ರ ಅವರಿಗೆ ಕಾಣೂದು ಬಯಲು. ಹಂದಿ ತುಳೀತೋ, ಗಾಳಿಗೆ ಬಿತ್ತೋ, ಮಂದಿ ದನ ಹೊಕ್ಕಿದ್ದುವೋ, ಯಾರು ಹೇಳಬೇಕು? ಗಾಳಿಗೆ ಬಿದ್ದ ಬೆಳಿ ಒಂದ ದಿಕ್ಕಿಗೆ ಮಲಗಿರತೈತಿ. ಹಂದಿ ಕೆಡವಿದ್ದು ಅಲ್ಲಲ್ಲಿ ಮಡಿಯಾಗಿ, ಅಡ್ಡಾದಿಡ್ಡಿ ಬಿದ್ದಿರತೈತಿ. ದನ ಸೋಗಿ ತಿಂತಾವ, ಹಂದಿ ತೆನಿ ಹುಡುಕತೈತಿ. ಹಸಿ ಮಣ್ಣಿನಾಗ ಹಂದಿ ಹೆಜ್ಜಿ ನೋಡಿದ್ರ ಎರಡು ಗೊರಸಿನ ಹಿಂದ ಸಣ್ಣ ಗೊರಸಿನ ಎರಡು ಚುಕ್ಕಿ ಬಾಜೂಕ ಮೂಡಿರ್ತಾವ. ಈ ಗುರ್ತೆಲ್ಲಾ ಒಂದು ಮಳಿಗೆ, ಒಂದು ಕುಡಗೋಲಿಗೆ ಅಳಿಸಿ ಹೋಗ್ತಾವ.

ಅದಕ್ಕ ಬಿದ್ದದ್ದನ್ನ ಮುಟ್ಟಬ್ಯಾಡ್ರಿ. ಜಾಗಾದ ಗುರ್ತು ಬೀಳೂ ಲೊಕೇಶನ್ ಹಾಕಿ ಮೊಬೈಲಿಲೆ ಫೋಟೋ ತಗೀರಿ: ಹೊಲದ ಮೂಲ್ಯಾಗ ನಿಂತು ಪೂರಾ ಹೊಲದ್ದು, ಬಿದ್ದ ಮಡಿಗಳದ್ದು, ಬಾಜೂಕ ಪೆನ್ನು ಇಟ್ಟು ಹೆಜ್ಜಿಯದ್ದು. ಎಷ್ಟು ಗುಂಟೆ ಹೋಗೈತಿ ಅಂತ ಹಗ್ಗಾ ಹಿಡದು ಅಳೀರಿ. ಅವತ್ತ ವಲಯ ಅರಣ್ಯಾಧಿಕಾರಿ ಕಚೇರಿಗೆ ಉತಾರ (ಪಹಣಿ), ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಹಚ್ಚಿ ಅರ್ಜಿ ಕೊಟ್ಟು, ಸಿಕ್ಕಾ ಹೊಡದ ಪ್ರತಿ ಇಸ್ಕೊಂಡ ಬರ್ರಿ. ಅರಣ್ಯ ಇಲಾಖೆ ಇದನ್ನ ಇ-ಪರಿಹಾರ ಅನ್ನೂ ಆನ್‌ಲೈನ್ ವ್ಯವಸ್ಥೆಯಾಗ ಏರಿಸತೈತಿ. ಸಿಬ್ಬಂದಿ ಹೊಲಕ್ಕ ಬಂದು ನೋಡಿದ ಮ್ಯಾಲ ಹೋದ ಇಳುವರಿ ಕ್ವಿಂಟಲ್ ಲೆಕ್ಕದಾಗ ಹಿಡೀತಾರ. ಇನ್ನ ಎರಡು ಕಡೆ ಅರ್ಜಿ ಸಿಕ್ಕಿ ಬೀಳತೈತಿ. ಉತಾರ ಇನ್ನೂ ತೀರಿಹೋದ ಅಜ್ಜನ ಹೆಸರಿಲೆ ಇದ್ರ ರೊಕ್ಕ ಯಾರ ಖಾತೆಗೂ ಹೋಗೂದಿಲ್ಲ, ವಾರಸಾ ಮೊದಲ ಮಾಡಿಸ್ಕೊಳ್ರಿ. ಹೊಲ ಲಾವಣಿಗೆ (ಗೇಣಿಗೆ) ಹಿಡದಿದ್ರ ಪರಿಹಾರ ಉತಾರದಾಗಿನ ಹೆಸರಿಗೆ ಹೋಗತೈತಿ, ಬಿತ್ತಿದಾಂವಗ ಬರೀ ಲುಕ್ಸಾನ. ಲಾವಣಿ ಕರಾರು ಬರಿಯೂ ಹೊತ್ತಿನಾಗ ‘ಬೆಳಿ ಪರಿಹಾರ ಬಂದ್ರ ಬಿತ್ತಿದಾಂವಗ’ ಅಂತ ಒಂದು ಸಾಲು ಹಾಕಸ್ರಿ.

ಪರಿಹಾರ ಬರದ ವರ್ಷದ ಸಿಟ್ಟ ಮುಂದಿನ ವರ್ಷದ ತಂತಿ ಆಗತೈತಿ. ಬೈಕಿನ ಹಳೇ ಕೇಬಲ್ ಬದುವಿನ ದಾರಿಗೆ ಬೀಳತೈತಿ. ಒಂದು ಹಂದಿ ಬಿತ್ತು ಅನ್ರಿ. ದೊಡ್ಡ ಗಂಡು ಕ್ವಿಂಟಲ್ ತೂಗತೈತಿ, ಒಂದು ಮನಿ ತಿಂದು ಮುಗಿಯೂ ಮಾತಲ್ಲ. ಬಾಜೂ ಹೊಲದವರಿಗೆ ಪಾಲು ಹೋಗತೈತಿ, ಪಾಲು ತಿಂದಾಂವ ಬಾಯಿ ಬಿಡೂದಿಲ್ಲ. ಆಮ್ಯಾಲ ಪಟ್ಟಣದಾಂವ ಯಾಂವರ ‘ಮುಂದಿನ ಸಲ ನನಗ ಹೇಳು, ರೊಕ್ಕ ಕೊಡ್ತೀನಿ’ ಅಂತಾನ. ಬೇಟೆ ಶುರು ಆಗೂದು ಅಲ್ಲಿ. ಅಲ್ಲಿತನಕ ಬೆಳಿ ಉಳಿಸ್ಕೊಳ್ಳೂ ಹಟ ಇದ್ದದ್ದು ಈಗ ಕಿಲೋ ಲೆಕ್ಕದ ವ್ಯಾಪಾರ ಆತು. ನಿಮ್ಮ ತಮ್ಮ ಎಲ್ಲಿ ಅದಾನ ಅಂತ ತಿಳಕೊಳ್ಳಾಕ ಒಂದ ಪ್ರಶ್ನೆ ಸಾಕು: ರಾಶಿ ಆದ ಮ್ಯಾಲೂ ತಂತಿ ಹೊಲದಾಗ ಉಳದೈತೇನು? ಬೆಳಿ ಇಲ್ಲದ ಹೊಲದಾಗ, ಬ್ಯಾಸಗಿ ಹಳ್ಳದ ನೀರಿನ ದಾರ್ಯಾಗ ತಂತಿ ಇದ್ರ ಅಂವ ಹೊಲ ಕಾಯಾಕ ಹತ್ತಿಲ್ಲ.

ಉರುಲಿಗೆ ಹಂದಿ ಯಾವುದು, ಚಿಗರಿ (ಕೃಷ್ಣಮೃಗ) ಯಾವುದು ಗೊತ್ತಾಗೂದಿಲ್ಲ. ಮೊಲ, ನರಿ, ತ್ವಾಳ, ಊರ ನಾಯಿ, ಕೆಲವೊಮ್ಮೆ ಚಿರತಿನೂ ಬೀಳತೈತಿ. ಹಂದಿಮರಿ ಹಿಡದು ತಿನ್ನೂ ಚಿರತಿ, ತ್ವಾಳ ಹೋದ್ರ ಹಂದಿಗೆ ಅಂಜಿಕಿ ಯಾರದು? ಒಂದು ಹೆಣ್ಣಹಂದಿ ನಾಲ್ಕು ತಿಂಗಳ ಒಳಗ ಗಬ್ಬ ಮುಗಿಸಿ ನಾಲ್ಕಾರು ಮರಿ ಹಾಕತೈತಿ. ತಂತಿಲೆ ಹಂದಿ ಕಡಿಮಿ ಆಗತಾವ ಅನ್ನೂ ಮಾತ ನಾ ನಂಬೂದಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಎಲ್ಲೆ ಬೇಟೆ ಸುದ್ದಿ ಬಂದ್ರೂ ಜನ ಮೊದಲ ಹರಣಶಿಕಾರಿ ಸಮುದಾಯದವರ ಓಣಿ ಕಡೆ ಬಟ್ಟು ತೋರಸ್ತಾರ. ಬಲಿ, ಉರುಲು ಅವರ ಹಿರ್‍ಯಾರ ಕಸಬು ಇದ್ದದ್ದು ಖರೆ. ಬ್ರಿಟಿಷರು 1871ರಾಗ ಶುರು ಮಾಡಿದ ಅಪರಾಧಿ ಬುಡಕಟ್ಟು ಕಾಯ್ದೆ ಇಂಥ ಸಮುದಾಯಗಳನ್ನ ಹುಟ್ಟಿನಿಂದನ ಕಳ್ಳರು ಅಂತ ಬರೀತು. ಇಂಥವರನ್ನ ಕಾವಲಿನಾಗ ಇಟ್ಟ ಜಾಗಾಕ್ಕ ಹುಬ್ಬಳ್ಳಿಯಾಗ ಸೆಟ್ಲಮೆಂಟ್ ಅನ್ನೂ ಹೆಸರು ಉಳದದ್ದು ಆ ಕಾಲದ್ದು. ಕಾಯ್ದೆ 1952ರಾಗ ರದ್ದಾತು, ಸಂಶಯ ಇನ್ನೂ ರದ್ದಾಗಿಲ್ಲ. ರಾಣೆಬೆನ್ನೂರಿನ ಬಯಲಾಗ ರಾತ್ರಿ ಜೀಪಿನ ಲೈಟು ಬಿಟ್ಟು ಚಿಗರಿ ಹೊಡಿಯಾಕ ಕಾರು, ಬಂದೂಕು, ಗುಂಡು ಬೇಕು. ಅವು ಬಡವರ ಮನ್ಯಾಗ ಇರೂದಿಲ್ಲ. ಎರಡು ತಲಿ ಹಾವು ಲಕ್ಷಗಟ್ಟಲೆ ಬೆಲಿ ಬಾಳತೈತಿ ಅಂತ ಹುಡುಗರನ್ನ ಹಚ್ಚಾವರೂ ಬ್ಯಾರೇನ ಅದಾರ. ಆ ಹಾವಿಗೆ ಎರಡು ತಲಿನೂ ಇಲ್ಲ, ಔಷಧಿ ಗುಣಾನೂ ಇಲ್ಲ, ಬಾಲ ಮೊಂಡ ಐತಿ ಅಷ್ಟ. ಒಳಗ ಹೋಗೂದು ಹಾವು ಹಿಡದ ಹುಡುಗ.

ಕೇಸಿನ ಮಾತು ಹೇಳ್ತೀನಿ, ತಮ್ಮಗ ಹಿಂಗ ಓದಿ ಹೇಳ್ರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಕೊಂದ್ರ ಅಷ್ಟ ಬೇಟೆ ಅಲ್ಲ, ಉರುಲು ಹಾಕೂದು, ವಿಷ ಇಡೂದು, ಅದಕ್ಕ ಪ್ರಯತ್ನ ಮಾಡೂದೂ ಬೇಟೆ. 2022ರ ತಿದ್ದುಪಡಿ ಆದ ಮ್ಯಾಲ ಹಂದಿ ಕಾಯ್ದೆಯ 2ನೇ ಅನುಸೂಚಿಯಾಗ (ರಕ್ಷಣೆಯ ಪಟ್ಟಿಯಾಗ) ಐತಿ: 3 ವರ್ಷದತನಕ ಜೈಲು, 1 ಲಕ್ಷದತನಕ ದಂಡ, ಇಲ್ಲಾ ಎರಡೂ. ಚಿಗರಿ, ನವಿಲು 1ನೇ ಅನುಸೂಚಿ: ಕಮ್ಮೀತ ಕಮ್ಮಿ 3 ವರ್ಷ, 7 ವರ್ಷದತನಕ, ದಂಡ 25 ಸಾವಿರಕ್ಕ ಕಮ್ಮಿ ಇಲ್ಲ. ಅಭಯಾರಣ್ಯದ ಗಡಿ ಒಳಗ ಆದ್ರ ಹಂದಿ ಬೇಟೆಗೂ ಇದ 3ರಿಂದ 7 ವರ್ಷ. 2019ರಾಗ ಗದಗಿನ ಕಪ್ಪತಗುಡ್ಡದ 244 ಚದರ ಕಿಲೋಮೀಟರ್ ಅಭಯಾರಣ್ಯ ಆಗೈತಿ, ಮುಂಡರಗಿ, ಶಿರಹಟ್ಟಿ ಸೀಮಿಯವರು ಇದನ್ನ ಮರೀಬಾರದು. ಬೇಟೆಗೆ ಬಳಸಿದ ಬೈಕೂ ಹೋಗತೈತಿ. ಹಾವಳಿ ಮಿತಿಮೀರಿದ್ರ ಕಲಂ 11ರ ಕೆಳಗ ಲಿಖಿತ ಅನುಮತಿ ಕೇಳಾಕ ದಾರಿ ಐತಿ. ಆದ್ರ ಅನುಮತಿಲೆ ಹೊಡದ ಹಂದಿನೂ ಸರಕಾರದ ಆಸ್ತಿ, ಮಾಂಸ ಮನಿಗೆ ಬರೂದಿಲ್ಲ. ಇಷ್ಟು ಹೇಳಿದ ಮ್ಯಾಲೂ ಅನುಮತಿಗೆ ಅರ್ಜಿ ಹಾಕಾಂವಗ ಬೆಳಿ ಉಳಸೂದು ಬೇಕಾಗೈತಿ. ಹಾಕದಾಂವಗ ಮತ್ತೇನೋ ಬೇಕಾಗೈತಿ.

ಲೈನಿನಿಂದ ನೇರ ಕರೆಂಟ್ ಬೇಲಿಗೆ ಕೊಡೂದಂತೂ ಕೊಲಿ. 230 ವೋಲ್ಟ್ ಬಿಡದಂಗ ಹರಿಯೂದರಿಂದ ಹಿಡದ ಕೈ ಬಿಡೂದಿಲ್ಲ, ಎದಿ ನಿಲ್ಲತೈತಿ. ನೀರು ಹಾಯ್ಸಾಕ ಬಂದ ಬಾಜೂ ಹೊಲದಾಂವ, ಸ್ವಂತ ಮನಿ ಮಕ್ಕಳು ಇದಕ್ಕ ಬಲಿ ಆಗ್ಯಾರ. ಸೋಲಾರ್ ಬೇಲಿಯ ಎನರ್ಜೈಸರ್ (ತಂತಿಗೆ ಕರೆಂಟ್ ಬಡತ ಬಿಡೂ ಪೆಟಿಗಿ) ಸಾವಿರಗಟ್ಟಲೆ ವೋಲ್ಟ್ ಕೊಟ್ರೂ ಕಣ್ಣು ಪಿಳುಕಿಸೂದಕ್ಕಿಂತ ಕಮ್ಮಿ ಹೊತ್ತಿನ ಬಡತ, ಸೆಕೆಂಡಿಗೆ ಒಂದು, ಮಾನದಂಡದ ಪ್ರಕಾರ 5 ಜೌಲ್ ಒಳಗ. ಹಂದಿಗೆ ಕೆಳಗಿನ ತಂತಿ ಮುಖ್ಯ: ನೆಲದಿಂದ 8–9 ಇಂಚಿಗೆ ಒಂದು, 18 ಇಂಚಿನ ಸುಮಾರು ಇನ್ನೊಂದು, ಹಸಿ ಮೂತಿಗೆ ತಾಗಬೇಕು. ಬೇಲಿ ಹಾಕಿ ‘ಕೆಲಸ ಮಾಡವಲ್ದು’ ಅನ್ನಾವರಲ್ಲಿ ಬಹಳ ಮಂದಿ ಹುಲ್ಲು ಸವರಿರೂದಿಲ್ಲ, ತಂತಿಗೆ ಕಸ ತಾಗಿ ಬಲ ಎಲ್ಲಾ ನೆಲಕ್ಕ ಇಳದಿರತೈತಿ. ಎರಿ ನೆಲ ಒಣಗಿ ಬಿರಕು ಬಿಟ್ರ ಅರ್ಥಿಂಗ್ ಹಿಡಿಯೂದಿಲ್ಲ, 3 ರಾಡು ಆಳಕ್ಕ ಬಡದು ಬುಡಕ್ಕ ನೀರು ಹಾಕ್ರಿ. ರೊಕ್ಕ ಇಲ್ಲಂದ್ರ ಹಂದಿಗೆ ಅಡ್ಡ ಆಗೂಹಂಗ ಗೋವಿನಜೋಳದ ಸುತ್ತ 4 ಸಾಲು ಔಡಲ ಒತ್ತಾಗಿ ಹಾಕ್ರಿ. ನಿಧಾನ ಬೆಳೀತೈತಿ, ಜೋಳಕ್ಕಿಂತ ಮೊದಲ ಬಿತ್ತಬೇಕು. ಬೀಜ ದನಕ್ಕ ವಿಷ, ನೆನಪಿರಲಿ.

ತಮ್ಮಗ ‘ಜೈಲಿಗೆ ಹೋಗ್ತಿ’ ಅಂತ ಅಂಜಿಸಿದ್ರ ಅಂವ ನಿಮ್ಮ ಮುಂದ ಹೇಳೂದು ಬಿಡ್ತಾನ, ಹಾಕೂದು ಬಿಡೂದಿಲ್ಲ. ಹಗಲಿ ಅವನ ಜೋಡಿ ಬದು ಸುತ್ತಿ ಅಂವ ಹಾಕಿದ್ದನ್ನೆಲ್ಲಾ ಅವನ ಕೈಲೆ ಕೀಳಸ್ರಿ. ಕಂಬದ ಕಡೆ ಹೋದ ತಂತಿ ಕಂಡ್ರ ಮುಟ್ಟದ 1912ಕ್ಕ ಫೋನ್ ಹಚ್ಚರಿ. ಉರುಲಿನಾಗ ಜೀವ ಇದ್ದ ಪ್ರಾಣಿ ಇದ್ರ ಸನೇಕ ಹೋಗದ 1926ಕ್ಕ ಅರಣ್ಯದವರಿಗೆ ಹೇಳ್ರಿ. ಆಮ್ಯಾಲ ಸುತ್ತಲಿನ ಹೊಲದವರನ್ನ ಕೂಡಿಸಿ ಕಾಯೂ ಪಾಳಿ ಹಚ್ಚರಿ. ಹಾಲ್ಗಾಳಿನ ಹೊತ್ತು ಎರಡು-ಮೂರು ವಾರದ್ದು. ಆರು ಮನಿ ಕೂಡಿ ರಾತ್ರಿಗೆ ಇಬ್ಬಿಬ್ಬರಂಗ ಹೋದ್ರ ಒಂದು ಮನಿಗೆ ಮೂರು ರಾತ್ರಿಗೊಮ್ಮೆ ಪಾಳಿ ಬರತೈತಿ. ನಿಮ್ಮ ತಮ್ಮನ ಪಾಳಿ ಬಂದಾಗ ಜೋಡಿಗೆ ಉರುಲಿನ ಹುಡುಗರಿಗಿಂತ ಹಿರ್‍ಯಾರು ಒಬ್ಬರು ಇರೂಹಂಗ ನೋಡ್ಕೊಳ್ರಿ.