ಕಾರ್ ಸ್ಟ್ರೀಟ್ ಮತ್ತು ಕಾರ್ಪೆಂಟರ್

ಪ್ರಶ್ನೆ: ಮಂಗಳೂರಿನ ರಥಬೀದಿಯನ್ನು ಇಂಗ್ಲಿಷಿನಲ್ಲಿ ‘ಕಾರ್ ಸ್ಟ್ರೀಟ್’ ಎನ್ನುತ್ತಾರೆ, ಮರಗೆಲಸದ ಆಚಾರಿಗೆ ‘ಕಾರ್ಪೆಂಟರ್’ ಎನ್ನುತ್ತಾರೆ. ಇವೆರಡರಲ್ಲಿರುವ ‘ಕಾರ್’ ಒಂದೆಯೇ?
– ಓದುಗರೊಬ್ಬರು, ಬೋಳೂರು, ಮಂಗಳೂರು

ಉತ್ತರ: ಒಂದೇ ಅಲ್ಲ, ಆದರೂ ತಮ್ಮ ಸಂಶಯ ನಿರಾಧಾರವಲ್ಲ. ‘ಕಾರ್ಪೆಂಟರ್’ ಪದದ ಮೂಲದಲ್ಲಿರುವುದು ಮರವೂ ಅಲ್ಲ, ಉಳಿಯೂ ಅಲ್ಲ, ಗಾಡಿ. ಇಂದಿನ ಫ್ರಾನ್ಸ್ ಮತ್ತು ಅದರ ಆಸುಪಾಸಿನಲ್ಲಿದ್ದ ಗಾಲ್ ಜನರಿಂದ ರೋಮನರು ‘ಕಾರ್ಪೆಂಟುಮ್’ ಎಂಬ ಪದವನ್ನು ಪಡೆದರು. ಅದು ಎರಡು ಚಕ್ರದ, ಮೇಲೆ ಮುಚ್ಚಿಗೆಯಿದ್ದ ಗಾಡಿ. ರೋಮಿನ ಕುಲೀನ ಸ್ತ್ರೀಯರು ಅದರಲ್ಲಿ ಸಂಚರಿಸುತ್ತಿದ್ದರು. ತುಲ್ಲಿಯಾ ಎಂಬ ರಾಜಪುತ್ರಿ ತನ್ನ ತಂದೆ ಸೆರ್ವಿಯಸ್ ತುಲ್ಲಿಯಸ್‌ನ ಶವದ ಮೇಲೆಯೇ ಗಾಡಿ ಹಾಯಿಸಿದಳೆಂದು ಇತಿಹಾಸಕಾರ ಲಿವಿ ಹೇಳುವ ಘೋರ ಕಥೆಯಲ್ಲಿ ಬರುವುದೂ ಇದೇ ಕಾರ್ಪೆಂಟುಮ್. ಇದನ್ನು ಮಾಡುವವನು ‘ಕಾರ್ಪೆಂಟಾರಿಯುಸ್’. ಕಾಲಕ್ರಮದಲ್ಲಿ ಅವನ ಹೆಸರು ಎಲ್ಲ ಬಗೆಯ ಮರಗೆಲಸದವರಿಗೂ ಹಬ್ಬಿತು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಬಳಿಕ ಫ್ರೆಂಚಿನ ಮೂಲಕ ಇಂಗ್ಲಿಷಿಗೂ ಬಂದು, ಬಡಗಿಗೆ ಅಲ್ಲಿ ಮೊದಲೇ ಇದ್ದ ದೇಶೀ ಪದವನ್ನು ಮೂಲೆಗೊತ್ತಿತು. ಆ ಹಳೆಯ ಪದದ ಉತ್ತರಾರ್ಧವಾದ ‘ರೈಟ್’ ಮಾತ್ರ ಹಡಗು ಕಟ್ಟುವ ‘ಶಿಪ್‌ರೈಟ್’, ನಾಟಕ ಕಟ್ಟುವ ‘ಪ್ಲೇರೈಟ್’ ಇವರ ಹೆಸರುಗಳಲ್ಲಿ ಉಳಿದಿದೆ.

ಇನ್ನು ‘ಕಾರ್’. ಇದು ಲ್ಯಾಟಿನಿನ ‘ಕಾರ್ರುಸ್’ನಿಂದ ಬಂದದ್ದು. ಅದೂ ಗಾಲ್ ಜನರದೇ ಪದ, ಅದೂ ಗಾಡಿಯೇ. ಆದರೆ ಅದರ ಧಾತುವಿಗೆ ‘ಓಡು’ ಎಂಬ ಅರ್ಥವಿದ್ದರೆ, ಕಾರ್ಪೆಂಟುಮ್‌ಗೆ ಬುಟ್ಟಿಯ ಹೆಣಿಗೆಯೊಡನೆ ನಂಟಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಎರಡೂ ಒಂದೇ ಊರಿನವು, ಒಂದೇ ಮನೆತನದವಲ್ಲ. ಮೋಟಾರು ವಾಹನ ಹುಟ್ಟುವುದಕ್ಕೆ ಶತಮಾನಗಳ ಹಿಂದೆಯೇ ಇಂಗ್ಲಿಷಿನಲ್ಲಿ ‘ಕಾರ್’ ಎಂದರೆ ರಥವೂ ಆಗಿತ್ತು. ವೆಂಕಟರಮಣ ದೇವಸ್ಥಾನದ ತೇರು ಸಾಗುವ ಬೀದಿಗೆ ಆ ಅರ್ಥದಲ್ಲಿಯೇ ಹೆಸರು ಬಂದಿದೆಯೇ ಹೊರತು, ಇಂದು ಅಲ್ಲಿ ಸಾಲುಗಟ್ಟಿ ನಿಲ್ಲುವ ಕಾರುಗಳಿಂದಲ್ಲ.

ಹುಟ್ಟಿನ ಅರ್ಥವನ್ನೇ ಹಿಡಿದು ನೋಡಿದರೆ, ಕುಂದಾಪುರದ ಬಳಿಯ ಕೋಟೇಶ್ವರದಲ್ಲಿ ದೇವಸ್ಥಾನಗಳಿಗೆ ರಥ ಕಟ್ಟಿಕೊಡುವ ಶಿಲ್ಪಿಗಳಿಗೆ ‘ಕಾರ್ಪೆಂಟರ್’ ಎಂಬುದು ಎಲ್ಲರಿಗಿಂತ ಚೆನ್ನಾಗಿ ಒಪ್ಪುತ್ತದೆ. ಬಾಗಿಲು, ಮಂಚ ಮಾಡುವವರಿಗೆ ಅದು ಆಮೇಲೆ ಅಂಟಿಕೊಂಡ ಹೆಸರು. ಹಾಗೆಂದು ವೈದಿಕ ಸಾಹಿತ್ಯದ ‘ರಥಕಾರ’ನನ್ನು ಇದಕ್ಕೆ ಗಂಟು ಹಾಕಬಾರದು. ಅಲ್ಲಿನ ‘ಕಾರ’ ಎಂದರೆ ಮಾಡುವವನು. ಕುಂಭಕಾರ, ಸ್ವರ್ಣಕಾರ ಎಂಬಲ್ಲಿ ಇರುವುದೂ ಅದೇ. ‘ಕಾರ್ಪೆಟ್’ ಅಂತೂ ಪೂರ್ತಿ ಬೇರೆ. ಅದರ ಮೂಲ, ಕಿತ್ತು ತೆಗೆಯುವುದು ಎಂಬರ್ಥದ ಲ್ಯಾಟಿನ್ ಧಾತು.